ಬ್ಯಾಡಗಿ ಕಾಯಿ ಅಳಸೂದಿಲ್ಲ

ಸೋಮವಾರ ಪ್ಯಾಟಿ. ಟೆಂಡರ್ ಬರೆಯೂ ಹೊತ್ತಿಗೆ
ದಲಾಲಿ ಮುರಿಗೆಪ್ಪ ನಾಕನೇ ನಂಬರ ಗೋದಾಮಿನಾಗ
ಬೋರಲ ಬಿದ್ದಿದ್ದ. ಮ್ಯಾಲ ಹನ್ನೊಂದು ಚೀಲ.
ಬಾಯಾಗ ಅರ್ಧ ಅಗದ ಎಲಿ ಹಂಗ ಇತ್ತು,
ನಮ್ಮ ಪಗಾರ ಆತನ ಕೈಯಾಗ ಇದ್ದಂಗ:
ಹೊರಗೂ ಬರಲಿಲ್ಲ, ಒಳಗೂ ಹೋಗಲಿಲ್ಲ.

ಫೌಜದಾರ ಬಂದ. ಇಂಡಿ ಕಡಿಯಾಂವ, ಹೊಸಬ.
ಪ್ಯಾಟಿ ಗೇಟಿನ್ಯಾಗ ಸೀನಾಕ ಹತ್ತಿದಾಂವ
ಪಂಚನಾಮೆ ಮುಗಿಯೂತನಾ ನಿಲ್ಲಸಲಿಲ್ಲ.
"ಚೀಲ ಜಾರಿ, ಆಕ್ಷಿ, ಬಿದ್ದಾವು. ಅಪಘಾ... ಆಕ್ಷಿ... ತ."
ಪ್ಯಾದಿ ಸೀನನ್ನೂ ಬರಕೊಂಡ.

ನಾವು ತೊಟ್ಟು ಮುರಿಯೂ ಹೆಣ್ಣಮಕ್ಕಳು
ತೊಟ್ಟು ಮುರಕೋತನ ನೋಡಿದ್ವಿ. ಕಿಲೋದ ಲೆಕ್ಕ.
ಹೆಣ ಬಿತ್ತಂತ ಕೈ ನಿಲ್ಲಸಿದರ ಕೊಡಾವರು ಯಾರು?
ಗುತ್ತೆವ್ವ ಒಬ್ಬಾಕಿ ಸೆರಗ ಝಾಡಿಸಿ ಎದ್ದಳು.
ಓಣ್ಯಾಗ ಯಾರ ಮನಿ ಸಾರು ಯಾವತ್ತ ಹಳಸೇತಿ,
ಆ ಮನಿ ಸೊಸಿಗಿಂತ ಮೊದಲ ಆಕಿಗೆ ಗೊತ್ತು.

"ಸಾಹೇಬರ, ಒಂದ ಚೀಲ ಎತ್ತಿ ನೋಡ್ರಿ.
ಒಣಾ ಕಾಯಿ. ನನ್ನ ಮೊಮ್ಮಗಳು ಇದರಾಗ
ಹೊಳ್ಳಿ ಹೊಳ್ಳಿ ಬಿದ್ದು ನಕ್ಕೋತ ಏಳತಾಳ.
ಇಷ್ಟಕ್ಕ ಸಾಯೂದಾದರ
ನಮ್ಮ ಹಮಾಲರು ವಾರಕ್ಕ ಎರಡ ಸಲ ಸಾಯತಿದ್ರು."
ಫೌಜದಾರ ಸೀನಿದ.
ಆಕಿ ಅದನ್ನ 'ಹೌದು' ಅಂತ ತಿಳಕೊಂಡಳು.

ಮರುದಿನ ಮಣ್ಣು.
ವಿಭೂತಿ ಬಡಕೊಂಡು ಕುಂತ ಮುರಿಗೆಪ್ಪನ ಮುಂದ
ಸಾವಕಾರ್ತಿ ತಿಜೂರಿ ಕೀಲಿ ಹುಡಕೋತ ಅತ್ತಳು,
ಮಗ್ಗಲ ಅಂಗಡಿ ದಲಾಲಿ ಧಾರಣಿ ಕೇಳಕೋತ ಅತ್ತ.
ಅಕ್ಕನ ಮಗ ಕಾಂತೇಶ ಮಾತ್ರ
ಮಳಿಗಾಲದ ವರದಾ ಹೊಳಿ!
ಒರಸಿಕೊಂಡಷ್ಟೂ ಅತ್ತ, ಅತ್ತಷ್ಟೂ ಒರಸಿಕೊಂಡ.
"ಎಂಥಾ ಮಾಯದ ಹುಡುಗ ನೋಡ್ರಿ," ಅಂತು ಮಂದಿ.
ನಾನೂ ಅಂದೆ, ಸುಳ್ಳ ಯಾಕ.

ಗುತ್ತೆವ್ವ ಆತನ ಬಲಗೈ ಹಿಡದು
"ಸಮಾಧಾನ ಮಾಡಕೋ ಮಗನ" ಅಂದ್ಲು,
ಹಿಡಿದ ಬೆರಳು ಹೊಳ್ಳಿ ತನ್ನ ನಾಲಗಿಗೆ ಇಟ್ಟಳು.
ಕಿವಿ ತನಕಾ ಹೊತಗೊಂತು ನೋಡ್ರಿ ಆಕಿ ಮಾರಿ.

"ಇದು ನಮ್ಮ ಕಾಯಿ ಅಲ್ಲ!
ನಮ್ಮದು ಬಣ್ಣದ್ದು. ಸಾರು ಕೆಂಪ ಮಾಡತೈತಿ, ಕಣ್ಣಲ್ಲ.
ಮೂವತ್ತು ವರ್ಷ ಇದೇ ಕೈಲೆ ಕಣ್ಣ ತಿಕ್ಕೊಂಡೀನಿ,
ಗಂಡ ಸತ್ತಾಗ ಸೈತ ಇಷ್ಟ ನೀರ ಬರಲಿಲ್ಲ.
ಇದು ಗುಂಟೂರು!
ಕುಂಬಳಕಾಯಿ ಕಳ್ಳ ಹೆಗಲ ಮುಟ್ಟಿಕೊಂಡ,
ಮೆಣಸಿನಕಾಯಿ ಕಳ್ಳ ಕಣ್ಣ ಮುಟ್ಟಿಕೊಂಡ."

ನಾಕನೇ ನಂಬರಿನಾಗ ಡಬ್ಬಿ ಕಾಯಿ ಥಪ್ಪಿ ಹಿಂದ
ನಲವತ್ತು ಚೀಲ ಗುಂಟೂರು. ರಾತ್ರೋರಾತ್ರಿ ಸರಿಸಿದ್ದು.
ಅದರ ಬುಡಕ ಹಳೇ ತಕ್ಕಡಿಯ ಐದು ಕಿಲೋ ಕಲ್ಲು;
ಒಂದ ಮಗ್ಗಲ ಕೆಂಪ.
ಫೌಜದಾರ ಮೆಣಸಿನಕಾಯಿ ಬಣ್ಣ ಅಂದ.
ಬರೋಬ್ಬರಿ ಸೀನು ಬಂದು ತಪ್ಪ ತಿದ್ದತು.

ಮುರಿಗೆಪ್ಪ ಪಗಾರ ನುಂಗತಿದ್ದ, ಖರೆ.
ಕಾಯಿಗೆ ಕಾಯಿ ಬೆರಸತಿರಲಿಲ್ಲ, ಅದೂ ಖರೆ.
ಅಳಿಯನ ಕಲಬೆರಕಿ ಹಿಡದ ದಿನ
ಅದೊಂದ ಪುಣ್ಯಾ ಆತನ್ನ ಕೊಂದಿತು.

ಫೌಜದಾರಗ ಎಪಿಎಂಸಿಯಾಗ ಶಾಲು, ಹಾರ,
ಮೂರು ಭಾಷಣ, ಹದಿನೇಳು ಸೀನು.
ಗುತ್ತೆವ್ವಗ ಅರ್ಧ ದಿನದ ಪಗಾರ ಕಡತ:
ತೊಟ್ಟು ಮುರಿಯೂ ಹೊತ್ತಿನಾಗ ಕೊಲಿ ಹುಡುಕಿದ್ದಕ್ಕ.

ಸಂಜಿಕ ನಳದ ಕಟ್ಟಿಗೆ ಕೈ ತೊಳಿಯಾಕ ಕುಂತ್ಲು.
ಒಂದ ಸಲ ಸಾಬಾಣ, ಎರಡನೇ ಸಲ ಬೂದಿ,
ಉಗರಿನ ಸಂದಿ ಸೈತ ತಿಕ್ಕಿದಳು.
ಆಮ್ಯಾಲ ಕಣ್ಣ ಒರಸಿಕೊಂಡಳು.

"ಯಾಕಬೇ?" ಅಂದೆ.
"ಮುನ್ನೂರಾ ನಲವತ್ತು ರೂಪಾಯಿ ಕೊಡೂದಿತ್ತಲೇ ಆ ಮುದುಕ,"
ಅಂದ್ಲು. ಅಂದು, ಮತ್ತೊಮ್ಮೆ ಒರಸಿಕೊಂಡಳು.
ಲೆಕ್ಕ ಹಾಕಿದರ
ಅಷ್ಟ ನೀರಿಗೆ ಮುನ್ನೂರಾ ನಲವತ್ತು ಸಾಲೂದಿಲ್ಲ.
ನಾ ಕೇಳಲಿಲ್ಲ.